ಬರೆದವರು: ಇಬ್ರಾಹಿಂ

ಕೊಲ್ಲಂ ದಾಟುವುದರೊಳಗೆ ಹೇಳಿಬಿಡಬೇಕೆಂದು ನಟರಾಜ ತಿರುವನಂತಪುರದಲ್ಲಿ ರೈಲು ಹತ್ತುವಾಗಲೇ ಗೊತ್ತುಮಾಡಿಕೊಂಡಿದ್ದ. ಕೊಲ್ಲಂ ಬಂತು, ಹೋಯಿತು. ಎದುರಿನ ಸೀಟಿನಲ್ಲಿ ಅವನ ಮ್ಯಾನೇಜರ್ ಗ್ರೇಸಿ ಮೇಡಂ ಸ್ಟೀಲಿನ ಡಬ್ಬಿ ಬಿಚ್ಚಿ, ಪುಟ್ಟಿನ ಮೇಲೆ ಕಡಲೆಕರಿ ಸುರಿದುಕೊಂಡು, ಸೀರೆಗೆ ಒಂದು ಹನಿಯೂ ಸಿಡಿಯದಂತೆ ಚಮಚದಲ್ಲಿ ತಿನ್ನುತ್ತಿದ್ದರು. ತಿನ್ನುತ್ತಿರುವವರ ಎದುರಿಗೆ ಇಂಥದ್ದನ್ನು ಹೇಳುವುದು ಸರಿಯಲ್ಲ, ಮುಗಿಸಲಿ ಎಂದು ಕಾದ. ಅವರು ಮುಗಿಸಿದರು, ಡಬ್ಬಿ ತೊಳೆದುಕೊಂಡು ಬಂದರು, ಕಾಗದದ ಕರವಸ್ತ್ರದಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಬೆರಳು ಒರೆಸಿಕೊಳ್ಳುತ್ತಿರುವವರ ಎದುರಿಗೂ ಹೇಳುವುದು ಸರಿಯಲ್ಲವೆನಿಸಿತು. ಇಂಥ ಸರಿಯಲ್ಲದ ಗಳಿಗೆಗಳನ್ನು ಹುಡುಕಿ ತೆಗೆಯುವುದರಲ್ಲಿ ಅವನು ಚಿಕ್ಕಂದಿನಿಂದ ಜಾಣ. ತೊಡೆಯ ಮೇಲಿನ ಫೈಲಿನಲ್ಲಿ ಮೂವತ್ತು ಹಾಳೆಗಳಷ್ಟು ಪ್ರಿಂಟ್ ಇತ್ತು. ಎಲ್ಲ ಇಂಗ್ಲಿಷಿನಲ್ಲೇ, ಜಾವಾ ಎಂಬ ಕಂಪ್ಯೂಟರ್ ಭಾಷೆಯ ಸಾಲುಗಳು. ಆದರೆ ಪ್ರತಿ ಹಾಳೆಯ ನೆತ್ತಿಯ ಮೇಲಿದ್ದ ಒಂದು ಸಾಲು ಮಾತ್ರ ನಿನ್ನೆ ಮಧ್ಯಾಹ್ನದಿಂದ ಅವನ ತಲೆಯಲ್ಲಿ ಕನ್ನಡದಲ್ಲಿ ಓದಿಕೊಳ್ಳುತ್ತಿತ್ತು. ಬರೆದವರು: ಇಬ್ರಾಹಿಂ. ಹಾಳೆ ತಿರುವಿದರೆ ಮತ್ತೆ ಅದೇ.

"ನೀನು ಜಾಸ್ತಿ ಮಾತಾಡಬೇಡ ನಟರಾಜ್," ಎಂದರು ಗ್ರೇಸಿ ಮೇಡಂ, ತಮ್ಮ ಕೋಟ್ಟಯಂ ಇಂಗ್ಲಿಷಿನಲ್ಲಿ. "ಫೈಲುಗಳ ಮೇಲೆ ಹೆಸರಿದೆ, ಎರ್ನಾಕುಲಂನ ಹಡಗು ಏಜೆನ್ಸಿಯವರೇ ಕಂಡುಹಿಡಿದಿದ್ದಾರೆ. ನಾವು ಅಲ್ಲ ಅಂತ ವಾದ ಮಾಡೋದು ಬೇಡ. ಹೇಗಿದ್ದರೂ ಇಬ್ರಾಹಿಮಿನ ಕಾಂಟ್ರಾಕ್ಟ್ ಈ ತಿಂಗಳಿಗೆ ಮುಗಿಯುತ್ತೆ. ಮುಂದುವರಿಸೋದೋ ಬೇಡವೋ ಅಂತ ನಾನು ಯೋಚಿಸ್ತಿದ್ದೆ. ಈಗ ಆ ಯೋಚನೆ ತಪ್ಪಿತು."

"ಮೇಡಂ," ಎಂದ ನಟರಾಜ. ಅವರು ಕತ್ತೆತ್ತಿದರು. "ಕಿಟಕಿ ಮುಚ್ಚಲಾ? ಗಾಳಿ ಜೋರಾಗಿದೆ." ಬೇಡ ಎಂದರು. ಕಾಯಂಕುಳಂ ಬಂತು. ಆಗಸ್ಟಿನ ಬಿಸಿಲು ಆಗಲೇ ಪ್ಲಾಟ್‌ಫಾರ್ಮಿನ ಮೇಲೆ ಮಲಗಿತ್ತು. ಆಲಪ್ಪುಳದವರೆಗೂ ಸಮಯವಿದೆ ಎಂದು ತನಗೆ ತಾನೇ ಹೇಳಿಕೊಂಡು, ಹಾಗೆ ಹೇಳಿಕೊಂಡದ್ದಕ್ಕೆ ನಾಚಿದ.

ಆ ಕಾಲದ ಜಾವಾದಲ್ಲಿ ದೊಡ್ಡ ಕಂಪನಿಗಳ ಕೆಲಸ ಮಾಡುವುದೆಂದರೆ ಒಂದೇ ಮಾತನ್ನು ನಾಲ್ಕು ಕಡೆ ಬರೆಯುವುದು. ಬೀನ್ ಎಂದು ಕರೆಯುವ ಒಂದು ತುಂಡಿಗೆ ನಾಲ್ಕು ಫೈಲು ಬೇಕು. ನಿಜವಾದ ಕೆಲಸ ಮೊದಲನೆಯದರಲ್ಲಿ. ಆ ಕೆಲಸ ಏನೆಂದು ಹೊರಗಿನವರಿಗೆ ಸಾರಿ ಹೇಳಲು ಎರಡು. ಇದೆಲ್ಲ ಎಲ್ಲೆಲ್ಲಿದೆ, ಯಾವ ನಿಯಮಕ್ಕೆ ಒಳಪಟ್ಟಿದೆ ಎಂದು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಒಪ್ಪಿಸಲು ಉದ್ದನೆಯ ವಿವರಪಟ್ಟಿ ಇನ್ನೊಂದು. ತಾಲ್ಲೂಕು ಕಚೇರಿಯಲ್ಲಿ ಒಂದೇ ಅರ್ಜಿಯನ್ನು ನಾಲ್ಕು ಪ್ರತಿ ತುಂಬಿಸಿಕೊಳ್ಳುತ್ತಾರಲ್ಲ, ಹಾಗೆ. ಒಂದರಲ್ಲಿ ಅಕ್ಷರ ತಪ್ಪಿದರೂ ಸರ್ವರು ಪರದೆ ತುಂಬ ದೋಷಗಳನ್ನು ಕಾರುತ್ತಿತ್ತು. ಎರಡು ವರ್ಷದ ಕೆಳಗೆ ಚನ್ನರಾಯಪಟ್ಟಣದಿಂದ ಒಂದು ಸೂಟ್‌ಕೇಸ್ ಹಿಡಿದು ಬಂದ ನಟರಾಜನಿಗೆ ಇದನ್ನೆಲ್ಲ ಕೈಹಿಡಿದು ಕಲಿಸಿದವನು ಇಬ್ರಾಹಿಂ. ಉಪ್ಪಳದ ಕಡೆಯವನು, ಮೂವತ್ತೊಂಬತ್ತು ವಯಸ್ಸು, ಕನ್ನಡ ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದು ಬಹಳ ತಡವಾಗಿ ಕಂಪ್ಯೂಟರಿಗೆ ಬಂದವನು. ಆಫೀಸಿನ ಮಲಯಾಳಿಗಳು ಅಣ್ಣ ಎಂಬರ್ಥದಲ್ಲಿ ಇಕ್ಕಾ ಎನ್ನುತ್ತಿದ್ದರು, ಕೇಳಿ ಕೇಳಿ ನಟರಾಜನಿಗೂ ಅವನು ಇಕ್ಕಾ ಆದ. ತಿರುವನಂತಪುರದ ಶ್ರೀಕಾರ್ಯದಲ್ಲಿ ಒಂದು ಮನೆಯ ಮಹಡಿಯನ್ನು ಇಬ್ಬರೂ ಸೇರಿ ಹಿಡಿದಿದ್ದರು. ಇಬ್ರಾಹಿಮಿನ ಹೆಂಡತಿ ಜುಬೈದಾ ಮತ್ತು ಮಗಳು ಊರಲ್ಲೇ. ಅವನು ನಾಲ್ಕೂ ಫೈಲುಗಳನ್ನು ಯಾವುದರಿಂದಲೂ ನಕಲು ಮಾಡದೆ ಪ್ರತಿಸಲವೂ ಹೊಸದಾಗಿ ಬೆರಳಲ್ಲಿ ಒತ್ತುತ್ತಿದ್ದ. ಕರಿಹಲಗೆಯ ಮೇಲೆ ಬರೆದ ಲೆಕ್ಕದ ಹಾಗೆ ಸಾಲಿನ ಕೆಳಗೆ ಸಾಲು, ನೆತ್ತಿಯ ಮೇಲೆ ಹೆಸರು, ತಾರೀಖು. "ನಕಲು ಮಾಡಿದ್ರೆ ತಪ್ಪೂ ಜೊತೆಯಲ್ಲಿ ಬರ್ತದೆ ಮಾರಾಯ," ಎನ್ನುತ್ತಿದ್ದ. ಒಂದು ಬೀನಿಗೆ ಅವನಿಗೆ ಎರಡು ದಿನ ಬೇಕಾಗುತ್ತಿತ್ತು. ಆದರೆ ಅವನದರಲ್ಲಿ ತಪ್ಪು ಸಿಕ್ಕಿದ್ದನ್ನು ನಟರಾಜ ಕಂಡಿರಲಿಲ್ಲ.

ಆ ಎರಡು ದಿನವನ್ನು ಎರಡು ನಿಮಿಷಕ್ಕೆ ಇಳಿಸಿದವನು ನಟರಾಜ. ಮೊದಲನೆಯ ಫೈಲನ್ನಷ್ಟೇ ಬರೆದು, ಅದರೊಳಗೆ ಟಿಪ್ಪಣಿಯ ರೂಪದಲ್ಲಿ ಕೆಲವು ಗುರುತು ಹಾಕಿದರೆ ಸಾಕು, ಉಳಿದ ಮೂರನ್ನು ತಾನೇ ಬರೆದುಕೊಡುವ ಒಂದು ಸಣ್ಣ ಪ್ರೋಗ್ರಾಮು. ಬೇರೆ ಕಡೆಯೂ ಇಂಥವು ಬರುತ್ತಿದ್ದವು, ಅವನದೇನೂ ಲೋಕಕ್ಕೆ ಹೊಸದಲ್ಲ. ಆದರೆ ಆ ಆಫೀಸಿಗೆ ಹೊಸದು. ಇಬ್ರಾಹಿಂ ಅದಕ್ಕೆ ಗಿರಣಿ ಎಂದು ಹೆಸರಿಟ್ಟ. ಈ ಕಡೆಯಿಂದ ಕಾಳು ಸುರಿ, ಆ ಕಡೆಯಿಂದ ಹಿಟ್ಟು ಹಿಡಿ. ಗಿರಣಿಗೆ ಒಂದು ಅಚ್ಚು ಬೇಕಿತ್ತಲ್ಲ, ಯಾವ ಫೈಲು ಹೇಗಿರಬೇಕೆಂಬ ಮಾದರಿ. ಅದಕ್ಕೆ ನಟರಾಜ ತನ್ನ ಫೈಲನ್ನು ತೆಗೆದುಕೊಳ್ಳಲಿಲ್ಲ. ತನ್ನದು ಕೊಳಕು ಎಂದು ಅವನಿಗೇ ಗೊತ್ತಿತ್ತು. ಇಬ್ರಾಹಿಂ ಬರೆದ ಅತ್ಯಂತ ಚೊಕ್ಕಟವಾದ ಫೈಲನ್ನು ತೆರೆದು, ಬದಲಾಗಬೇಕಾದ ಹೆಸರುಗಳ ಜಾಗದಲ್ಲೆಲ್ಲ ಖಾಲಿ ಬಿಟ್ಟು, ಅದನ್ನೇ ಅಚ್ಚು ಮಾಡಿದ. ನೆತ್ತಿಯ ಮೇಲಿನ ಸಾಲೊಂದನ್ನು ಅಳಿಸುವುದು ಮರೆತ. ಕೆಟ್ಟ ಬುದ್ಧಿಯಿಂದಲ್ಲ, ಒಳ್ಳೆಯ ಬುದ್ಧಿಯಿಂದಲೂ ಅಲ್ಲ, ಬರೀ ಮರೆತ. ಅಂದಿನಿಂದ ಗಿರಣಿಯಿಂದ ಬಿದ್ದ ಇನ್ನೂರ ನಲವತ್ತು ಫೈಲುಗಳ ಹಣೆಯ ಮೇಲೂ ಇಬ್ರಾಹಿಮಿನ ಹೆಸರು ಬರೆದುಕೊಂಡಿತು. ಯಂತ್ರ ಬರೆದದ್ದನ್ನು ಮನುಷ್ಯರು ಯಾರೂ ಓದುವುದಿಲ್ಲ. ಅದನ್ನು ಓದಬೇಕಾಗಿ ಬಂದದ್ದು ನಿನ್ನೆ.

ಆಲಪ್ಪುಳ ಬಂತು. ಗ್ರೇಸಿ ಮೇಡಂ ಕಣ್ಣುಮುಚ್ಚಿದ್ದರು. ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸುವುದೇ. ಗಿರಣಿಯನ್ನು ಮೀಟಿಂಗಿನಲ್ಲಿ ಓಡಿಸಿ ತೋರಿಸಿದ ದಿನ ಇದೇ ಮೇಡಂ ಮೊದಲು ಚಪ್ಪಾಳೆ ತಟ್ಟಿದ್ದರು. ಒಂದು ವಾರದಲ್ಲಿ ನಟರಾಜನಿಗೆ ಹೊಸ ವಿಸಿಟಿಂಗ್ ಕಾರ್ಡು ಬಂತು, ಹೆಸರಿನ ಕೆಳಗೆ ಆರ್ಕಿಟೆಕ್ಟ್ ಎಂದು, ಅಂದರೆ ಇಡೀ ಪ್ರೋಗ್ರಾಮಿಗೆ ನಕ್ಷೆ ಹಾಕುವವನು. ಒಂದು ತಿಂಗಳಲ್ಲಿ ಎಂಟು ಜನರ ತಂಡ ಮೂರು ಜನರದಾಯಿತು. ಇಬ್ರಾಹಿಮನ್ನು ಬಳಕೆದಾರರ ಕೈಪಿಡಿ ಬರೆಯಲು ಹಾಕಿ, ಕುಡಿಯುವ ನೀರಿನ ಫಿಲ್ಟರಿನ ಪಕ್ಕದ ಮೇಜಿಗೆ ಕಳಿಸಿದರು. ನೀರಿಗೆ ಬಂದವರೆಲ್ಲ ಅವನ ಕುರ್ಚಿಯನ್ನು ಸ್ವಲ್ಪ ಸರಿಸಲು ಹೇಳುತ್ತಿದ್ದರು. ದಿನಕ್ಕೆ ಅರವತ್ತು ಸಲ ಅವನು ಕುರ್ಚಿ ಸರಿಸುತ್ತಿದ್ದ, ಅರವತ್ತು ಸಲವೂ ನಗುತ್ತಿದ್ದ. ನಟರಾಜ ಬಾಟಲಿಯನ್ನು ಮನೆಯಿಂದಲೇ ತುಂಬಿಸಿಕೊಂಡು ಬರತೊಡಗಿದ. ಒಮ್ಮೆ ಸಂಜೆ ಬಸ್ಸಿನಲ್ಲಿ ಬರುವಾಗ ಇಬ್ರಾಹಿಂ ಕೇಳಿದ್ದ. "ಅಲ್ಲ, ಮಾಡಿದರೆ ಪೂರ್ತಿ ಮಾಡು, ಇಲ್ಲದಿದ್ರೆ ಏನೂ ಮಾಡಬೇಡ ಅಂತ ಒಂದು ಗುರುತು ಹಾಕ್ಲಿಕ್ಕುಂಟಲ್ಲ, ಅದನ್ನು ಹಾಕ್ಲಿಕ್ಕೆ ಯಾರಾದ್ರೂ ಮರೆತ್ರೆ ನಿನ್ನ ಗಿರಣಿ ಎಂತ ಮಾಡ್ತದೆ?"

"ಏನೂ ಬರೆಯಲ್ಲ. ಸರ್ವರ್ ಹೆಂಗೆ ತಿಳ್ಕೊಳ್ಳುತ್ತೋ ಹಂಗೆ."

"ಸರ್ವರು ತನಗೆ ಖುಷಿ ಬಂದ ಹಾಗೆ ತಿಳ್ಕೊಳ್ತದೆ. ನಾನು ಕೈಯಲ್ಲಿ ಬರೆಯುವಾಗ ಒಂದನ್ನೂ ಬಿಡ್ತಿರ್ಲಿಲ್ಲ."

"ಯಾರೂ ಮರೆಯಲ್ಲ ಬಿಡಿ ಇಕ್ಕಾ," ಎಂದಿದ್ದ ನಟರಾಜ. ಆ ಮಾತಿನಲ್ಲಿ ಬೇಸರವಿತ್ತು, ಹೊಸ ಕಾರ್ಡಿನ ಸೊಕ್ಕೂ ಸ್ವಲ್ಪ ಇತ್ತು. ಇಬ್ರಾಹಿಂ ಕಿಟಕಿಯ ಕಡೆ ತಿರುಗಿದ. ಮುಂದಿನ ತಿಂಗಳು, ಊಟಕ್ಕೆ ಹೋಗುವ ಅವಸರದಲ್ಲಿ ಹಡಗಿನ ಕಂಟೇನರುಗಳ ಲೆಕ್ಕವಿಡುವ ಬೀನಿನ ಮೊದಲ ಫೈಲು ಬರೆದು, ಆ ಗುರುತನ್ನು ಮರೆತವನು ನಟರಾಜನೇ. ತನ್ನ ಫೈಲುಗಳಿಗೆ ಹೆಸರು ಹಾಕಿಕೊಳ್ಳುವ ಅಭ್ಯಾಸವೂ ಅವನಿಗಿರಲಿಲ್ಲ. ಹಳೆಯ ಯೋಜನೆಯ ಹಾಳೆಯಲ್ಲಿ ಮಾತ್ರ ಆ ಭಾಗ ಇನ್ನೂ ಇಬ್ರಾಹಿಮಿನ ಪಾಲಿಗೆ ಬರೆದಿತ್ತು. ಅದನ್ನು ಯಾರೂ ತಿದ್ದಿರಲಿಲ್ಲ, ಮೇಡಂ ನಂಬಿದ್ದು ಅದನ್ನೇ.

ಎರ್ನಾಕುಲಂ ಬಂದೇ ಬಂತು. ಆಟೋದಲ್ಲಿ ಮೇಡಂ ಫೋನಿನಲ್ಲಿದ್ದರು. ಹಡಗು ಏಜೆನ್ಸಿಯ ಆಫೀಸು ಮೂರನೆಯ ಮಹಡಿಯಲ್ಲಿ, ಕಿಟಕಿಯಾಚೆ ಹಿನ್ನೀರು, ಅದರ ಮೇಲೆ ಅವಸರವಿಲ್ಲದ ಒಂದು ದೋಣಿ. ಏಜೆನ್ಸಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಮನೋಜ್ ಮೆಲುದನಿಯ ಮನುಷ್ಯ, ಕೂಗಾಡಿದ್ದರೆ ಒಳ್ಳೆಯದಿತ್ತು. ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟ. ಬಾಗಿಲು ತೆರೆದ ಮೂರು ಶೀತಲ ಕಂಟೇನರುಗಳು, ಒಳಗೆ ಬೂದುಬಣ್ಣಕ್ಕೆ ತಿರುಗಿದ ಸೀಗಡಿ. ಕಂಟೇನರು ಬಂದಾಗ ನಿಮ್ಮ ವ್ಯವಸ್ಥೆ ಎರಡು ಕೆಲಸ ಮಾಡಬೇಕು, ಎಂದ ಅವನು. ಬಂತೆಂದು ಬರೆದುಕೊಳ್ಳಬೇಕು, ವಿದ್ಯುತ್ ಸಂಪರ್ಕ ಕೊಡಿ ಎಂದು ಆದೇಶ ಕಳಿಸಬೇಕು. ಅವತ್ತು ಆದೇಶ ಬರೆಯುವಾಗ ಡೇಟಾಬೇಸ್ ಒಂದು ಕ್ಷಣ ತಡವರಿಸಿತು, ಆದೇಶ ಬಿದ್ದುಹೋಯಿತು, ಬಂತು ಎಂಬುದು ಮಾತ್ರ ಉಳಿಯಿತು. ಎರಡೂ ಬಿದ್ದಿದ್ದರೆ ಯಾರಾದರೂ ನೋಡುತ್ತಿದ್ದರು. ಪರದೆಯ ಮೇಲೆ ಎಲ್ಲ ಸರಿಯಾಗಿ ಕಾಣುತ್ತಿತ್ತು, ಸೀಗಡಿ ಎರಡು ದಿನ ಬಿಸಿಲಲ್ಲಿ ಕೊಳೆಯಿತು. "ಇಳಿಸಿದ ಕೂಲಿಗಳು ಮೂಗಿಗೆ ತೋರ್ತು ಕಟ್ಟಿಕೊಂಡಿದ್ದರು," ಎಂದ ಮನೋಜ್. ತೋರ್ತು ಎಂದರೆ ಇಲ್ಲಿಯವರ ತೆಳ್ಳನೆಯ ಟವೆಲು. ನಟರಾಜ ಫೋಟೋದಿಂದ ವಾಸನೆ ಬರುವುದಿಲ್ಲವೆಂದು ತಿಳಿದೂ ಉಸಿರು ಹಿಡಿದ.

"ಈ ಇಬ್ರಾಹಿಂ ಯಾರು?" ಎಂದು ಮನೋಜ್ ಕೇಳಿದ. "ಎಲ್ಲ ಫೈಲೂ ಇವರೇ ಬರೆದಿದ್ದಾರೆ."

"ಕಾಂಟ್ರಾಕ್ಟ್ ಮೇಲಿರುವ ಒಬ್ಬರು," ಎಂದರು ಗ್ರೇಸಿ ಮೇಡಂ. "ನಾವು ಕ್ರಮ ತೆಗೆದುಕೊಳ್ಳುತ್ತೇವೆ."

"ನೀವು ಆರ್ಕಿಟೆಕ್ಟ್ ಅಲ್ಲವೇ," ಎಂದು ಮನೋಜ್ ನಟರಾಜನ ಕಡೆ ತಿರುಗಿದ. "ಇವರು ಬರೆದದ್ದನ್ನು ನೀವು ನೋಡಿರಲಿಲ್ಲವೇ?"

ಈಗ, ಎಂದುಕೊಂಡ. ಬರೆದದ್ದು ಇಬ್ರಾಹಿಂ ಅಲ್ಲ, ನನ್ನ ಗಿರಣಿ, ಮರೆತದ್ದು ನಾನು, ಎರಡು ಸಲ ಮರೆತೆ. ಇಷ್ಟೇ ಮಾತು. ಹೇಳಿದರೆ ಆ ಕಾರ್ಡು ಹೋಗುತ್ತದೆ, ಬಹುಶಃ ಕೆಲಸವೂ. ಇಬ್ರಾಹಿಂ ನೀರಿನ ಫಿಲ್ಟರಿನ ಪಕ್ಕದಲ್ಲಾದರೂ ಉಳಿಯುತ್ತಾನೆ. ಕಿಟಕಿಯಾಚೆಯ ದೋಣಿ ಅದೇ ಜಾಗದಲ್ಲಿತ್ತು. "ನೋಡಬೇಕಿತ್ತು," ಎಂದ. ತಲೆ ತಗ್ಗಿಸಿ ಹೇಳಿದ. ಅದು ವಿನಯದ ಮಾತಿನಂತೆ ಕೇಳಿಸಿತು. ಮನೋಜನ ಮುಖ ಸ್ವಲ್ಪ ಸಡಿಲವಾಯಿತು, ಗ್ರೇಸಿ ಮೇಡಂ ಮೆಚ್ಚಿಗೆಯಿಂದ ನೋಡಿದರು. ತಪ್ಪನ್ನು ಹಂಚಿಕೊಳ್ಳುವ ದೊಡ್ಡತನ ಎಂದು ಅವರು ತಿಳಿದಿರಬೇಕು. ಎಂಟನೆಯ ತರಗತಿಯಲ್ಲಿ ಹೀಗೇ, ಒಡೆದ ಗ್ಲೋಬಿಗಾಗಿ ಪಕ್ಕದವನು ಏಟು ತಿನ್ನುವಾಗ ನಟರಾಜ ಕಣ್ಣೀರು ಹಾಕಿದ್ದ. ಎಷ್ಟು ಒಳ್ಳೆಯ ಹುಡುಗ ಎಂದು ಮೇಷ್ಟ್ರು ತಲೆ ನೇವರಿಸಿದ್ದರು. ಒಡೆದವನು ತಾನೆಂದು ಇವತ್ತಿನವರೆಗೂ ಹೇಳಿಲ್ಲ.

ಆಮೇಲೆ ಅವನ ಕೈ ತಾನಾಗಿ ಕೆಲಸ ಮಾಡಿತು. ಲ್ಯಾಪ್‌ಟಾಪ್ ತೆರೆದು, ಅಚ್ಚಿನಲ್ಲಿ ಒಂದೇ ಸಾಲು ಸೇರಿಸಿದ. ಗುರುತು ಇಲ್ಲದಿದ್ದರೆ, 'ಮಾಡಿದರೆ ಪೂರ್ತಿ ಮಾಡು, ಇಲ್ಲದಿದ್ರೆ ಏನೂ ಮಾಡಬೇಡ' ಎಂದೇ ಬರೆ. ಇಬ್ರಾಹಿಂ ಬಸ್ಸಿನಲ್ಲಿ ಹೇಳಿದ್ದ ಮಾತು ಅದು, ಅಕ್ಷರಕ್ಕೆ ಅಕ್ಷರ. ಗಿರಣಿ ಓಡಿಸಿದ. ನಲವತ್ತು ಸೆಕೆಂಡಿನಲ್ಲಿ ಇನ್ನೂರ ನಲವತ್ತು ಫೈಲುಗಳು ಪರದೆಯ ಮೇಲೆ ಸರಸರನೆ ಇಳಿದವು. ಮನೋಜ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. "ಇಷ್ಟೂ ಈಗಲೇ?" ಎಂದ. "ಇಂಥದ್ದು ನಿಮ್ಮಲ್ಲಿರುವಾಗ ಇವರ ಕೈಯಲ್ಲಿ ಯಾಕೆ ಬರೆಸಿದಿರಿ?" ಗ್ರೇಸಿ ಮೇಡಂ ನಕ್ಕರು. ನಟರಾಜನೂ ನಕ್ಕ, ನಕ್ಕದ್ದು ಅವನಿಗೇ ಕೇಳಿಸಿತು. ಹೆಸರಿನ ಸಾಲು ಅಚ್ಚಿನಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಕರ್ಸರನ್ನು ಅಲ್ಲಿಗೆ ಒಯ್ದ. ಈಗ ಅಳಿಸಿ ಮತ್ತೆ ಓಡಿಸಿದರೆ ಮನೋಜನ ಎದುರಿಗೇ ಎಲ್ಲ ಫೈಲಿನಿಂದಲೂ ಹೆಸರು ಒಮ್ಮೆಗೇ ಮಾಯವಾಗುತ್ತದೆ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ. ಬೆರಳು ಗುಂಡಿಯ ಮೇಲೆ ನಿಂತಿತು, ನಿಂತೇ ಇತ್ತು. ಲ್ಯಾಪ್‌ಟಾಪ್ ಮುಚ್ಚಿದ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು, ಮತ್ತು ಆ ಅಸಹ್ಯದ ಪಕ್ಕದಲ್ಲೇ, ಮುಗಿಯಿತಲ್ಲ ಎಂಬ ನಿರಾಳವೂ ಕೂತಿತ್ತು.

ವಾಪಸಿನ ರೈಲಿನಲ್ಲಿ ಅವನು ಒಬ್ಬನೇ. ಗ್ರೇಸಿ ಮೇಡಂ ತವರಿಗೆ ಹೋಗುವವರು, ಸ್ಟೇಷನ್ನಿನಲ್ಲೇ ಇಬ್ರಾಹಿಮಿಗೆ ಫೋನು ಮಾಡಿ ಮಾತಾಡಿದ್ದರು. ನಟರಾಜ ನೀರಿನ ಬಾಟಲಿ ಕೊಳ್ಳುವ ನೆವದಲ್ಲಿ ದೂರ ನಿಂತಿದ್ದ. "ಒಪ್ಪಿಕೊಂಡ," ಎಂದಷ್ಟೇ ಹೇಳಿ ಮೇಡಂ ಬಸ್ಸಿಗೆ ಹೊರಟಿದ್ದರು. ಏನನ್ನು ಒಪ್ಪಿಕೊಂಡ ಎಂದು ದಾರಿಯುದ್ದಕ್ಕೂ ಅವನನ್ನು ಕೊರೆಯಿತು. ರಾಜೀನಾಮೆ ಒಪ್ಪಿಕೊಂಡನೇ, ತಪ್ಪು ಒಪ್ಪಿಕೊಂಡನೇ. ಒಪ್ಪಿಕೊಳ್ಳಲು ಅವನ ಹತ್ತಿರ ತಪ್ಪಾದರೂ ಎಲ್ಲಿತ್ತು. ಕಡಲೆಕಾಯಿ ಮಾರುವವನು, ಕುರುಡ ಹಾಡುಗಾರ, ಒಬ್ಬರ ಹಿಂದೊಬ್ಬರು ಬಂದು ಹೋದರು. ಮನೆ ಮುಟ್ಟಿದ ಕೂಡಲೇ ಹೇಳುವ ವಾಕ್ಯವನ್ನು ನಟರಾಜ ಕಟ್ಟತೊಡಗಿದ. ಇಕ್ಕಾ, ನಿಮ್ಮ ಹೆಸರು ಅಲ್ಲಿ ಬಂದಿದ್ದು ನಾನು ಅಳಿಸೋದು ಮರೆತದ್ದರಿಂದ. ನಾಳೆ ಮೇಡಂ ಹತ್ರ ಇಬ್ಬರೂ ಹೋಗೋಣ. ಕಾಯಂಕುಳಂ ಹೊತ್ತಿಗೆ ವಾಕ್ಯ ಗಟ್ಟಿಯಾಯಿತು. ಕೊಲ್ಲಂ ಹೊತ್ತಿಗೆ ಅದನ್ನು ತುಟಿ ಅಲುಗಿಸಿ ಹೇಳಿನೋಡಿದ, ಎದುರಿನ ಹೆಂಗಸು ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು. ಈ ಸಲ ಹೇಳುತ್ತೇನೆ, ಇದು ಮಾತ್ರ ನಿಜ ಎಂದು ಅವನಿಗೆ ಅನಿಸಿತು. ಹಾಗೆ ಅನಿಸಿದ್ದೇ ಎದೆ ಹಗುರಾಯಿತು.

ಶ್ರೀಕಾರ್ಯದ ಮನೆಯ ಮೆಟ್ಟಿಲು ಹತ್ತುವಾಗ ಇನ್ನೂ ಸ್ವಲ್ಪ ಬೆಳಕಿತ್ತು. ಇಬ್ರಾಹಿಂ ಲುಂಗಿ ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದ. ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಅವನು ಎದ್ದು ಒಲೆಯ ಮೇಲಿದ್ದ ಕಟ್ಟನ್ ಚಾಯವನ್ನು, ಹಾಲಿಲ್ಲದ ಆ ಕರಿ ಚಹಾವನ್ನು, ಎರಡು ಗ್ಲಾಸಿಗೆ ಬಗ್ಗಿಸಿದ.

"ಬಾ, ಕೂತ್ಕೋ. ತಿಂದದ್ದುಂಟಾ ಏನಾದ್ರೂ?"

"ಇಕ್ಕಾ, ಒಂದು ಮಾತು ಹೇಳಬೇಕು."

"ಮೊದ್ಲು ಚಾಯ ಕುಡಿ. ನನಗೂ ಒಂದುಂಟು ಹೇಳ್ಲಿಕ್ಕೆ, ನಾಳೆ ಬೆಳಿಗ್ಗೆ ಹೊರಡ್ತೇನೆ, ಮತ್ತೆ ಆಗ್ಲಿಕ್ಕಿಲ್ಲ." ಇಬ್ರಾಹಿಂ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಗ್ರೇಸಿ ಮೇಡಂ ಕೇಳಿದ್ರು, ಆ ಫೈಲುಗಳು ನಿಮ್ಮದಾ ಅಂತ. ಹೌದು ಅಂದೆ."

"ಯಾಕೆ? ನಿಮ್ಮದಲ್ಲ ಅಂತ ನಿಮಗೇ ಗೊತ್ತಲ್ಲ."

"ಗೊತ್ತುಂಟು. ಗುರುತು ಮರೆತದ್ದು ಯಾರು ಅಂತ ನಾನು ಕೇಳುವುದಿಲ್ಲ. ಕೆಲ್ಸ ಅಂದ್ಮೇಲೆ ಮರೆವು ಉಂಟು." ಅವನು ಎದ್ದು ಸೂಟ್‌ಕೇಸಿನ ಜೇಬಿನಿಂದ ಒಂದು ಫೋಟೋ ತೆಗೆದ. ಅದರಲ್ಲಿ ಒಂದು ಗಾಜಿನ ಕಪಾಟು, ಒಳಗೆ ಪಿಂಗಾಣಿ ಬಟ್ಟಲುಗಳ ಸಾಲು, ನಡುವೆ ಕಟ್ಟುಹಾಕಿಸಿ ನಿಲ್ಲಿಸಿದ ಒಂದು ಹಾಳೆ. ಹಾಳೆಯ ಮೇಲೆ ಜಾವಾದ ಸಾಲುಗಳು. "ಮಾರ್ಚಿನಲ್ಲಿ ಕೈಪಿಡಿಗೆ ಅಂತ ಫೈಲುಗಳನ್ನು ತೆಗೆದು ನೋಡ್ತೇನೆ, ಎಲ್ಲದರ ಮೇಲೂ ನನ್ನ ಹೆಸರು. ಒಂದಲ್ಲ ಎರಡಲ್ಲ. ಮೊದ್ಲು ಅರ್ಥ ಆಗ್ಲಿಲ್ಲ. ಮತ್ತೆ ಗೊತ್ತಾಯ್ತು, ಇದು ನೀನು ಹಾಕಿದ್ದು ಅಂತ. ನನ್ನನ್ನು ಆ ಮೂಲೆಗೆ ಕೂರಿಸಿದ ಮೇಲೆ ಒಬ್ಬರೂ ನನ್ನ ಹತ್ರ ಒಂದು ಸಾಲು ಬರೆಸ್ಲಿಲ್ಲ. ನೀನು ಮಾತ್ರ ಯಾರಿಗೂ ಹೇಳದೆ ಗಿರಣಿಯೊಳಗೆ ನನ್ನ ಹೆಸರು ಇಟ್ಟೆ. ಒಂದು ಹಾಳೆ ಪ್ರಿಂಟ್ ತೆಗೆದು ಊರಿಗೆ ಕೊಂಡುಹೋದೆ. ಜುಬೈದಾ ಕಟ್ಟುಹಾಕಿಸಿದ್ದಾಳೆ. ಮನೆಗೆ ಬಂದವರಿಗೆಲ್ಲ ಮಗಳು ಓದಿ ಹೇಳ್ತಾಳೆ, ಇದು ನನ್ನ ಉಪ್ಪ ಬರೆದದ್ದು ಅಂತ. ನಿನಗೆ ಹೇಳ್ಲಿಲ್ಲ, ಹೇಳಿದ್ರೆ ನಿನಗೆ ಮುಜುಗರ ಆಗ್ತದೆ ಅಂತ." ಫೋಟೋವನ್ನು ನಟರಾಜನ ಕೈಗಿಟ್ಟ. "ನೀನು ಪ್ರೀತಿಯಲ್ಲಿ ಕೊಟ್ಟ ಹೆಸರನ್ನು, ಕಷ್ಟ ಬಂತು ಅಂತ ನನ್ನದಲ್ಲ ಅನ್ನುವುದು ಹೇಗೆ ಮಾರಾಯ?"

ನಟರಾಜ ಫೋಟೋವನ್ನು ಹಿಡಿದುಕೊಂಡೇ ಇದ್ದ. ಬಟ್ಟಲುಗಳ ಮೇಲೆ ಸಣ್ಣ ನೀಲಿ ಹೂಗಳಿದ್ದವು. ರೈಲಿನಲ್ಲಿ ಕಟ್ಟಿಕೊಂಡು ಬಂದ ವಾಕ್ಯ ನಾಲಿಗೆಯ ತುದಿಯಲ್ಲಿ ಹಾಗೇ ಇತ್ತು, ಒಂದು ಪದವೂ ಕಳೆದಿರಲಿಲ್ಲ. ಅದನ್ನು ಹೇಳಿದರೆ ಇವನ ಕೆಲಸ ಉಳಿಯುತ್ತದೆ, ಆ ಕಪಾಟಿನ ನಡುವಿನ ಜಾಗ ಖಾಲಿಯಾಗುತ್ತದೆ. ಹೇಳದಿದ್ದರೆ ಕಪಾಟು ಉಳಿಯುತ್ತದೆ. ಅದರ ಜೊತೆಗೆ ತಾನೂ ಉಳಿಯುತ್ತೇನೆ. ಈ ಕೊನೆಯದು ಮನಸ್ಸಿಗೆ ಬಂದಾಗ ಅವನಿಗೆ ಅಳು ಬಂತು. ಅಳುವುದರಲ್ಲಿ ಅವನು ಚಿಕ್ಕಂದಿನಿಂದ ಮುಂದು.

ಇಬ್ರಾಹಿಂ ಅವನ ಮುಖವನ್ನೇ ನೋಡುತ್ತಿದ್ದ. ಏನೋ ಒಂದು ಅನುಮಾನ, ಕೇಳಬಾರದಿತ್ತೇನೋ ಎಂಬ ಸಂಕೋಚ, ಎರಡೂ ಅವನ ಕಣ್ಣಿನಲ್ಲಿ ಹಾದುಹೋದವು.

"ನೀನು ಬೇಕಂತ್ಲೇ ಹಾಕಿದ್ದಲ್ವಾ?"

"ಹೌದು ಇಕ್ಕಾ," ಎಂದ ನಟರಾಜ. "ಬೇಕಂತಲೇ."

ಇಬ್ರಾಹಿಂ ದೊಡ್ಡದಾಗಿ ಉಸಿರು ಬಿಟ್ಟ. ಅವನ ಹೆಗಲ ಮೇಲೆ ಕೈಯಿಟ್ಟು, "ಅಷ್ಟು ಸಾಕು," ಎಂದ. "ಅದನ್ನು ತೆಗೀಬೇಡ, ಆಯ್ತಾ. ನೀನು ಎಂತದೋ ಹೇಳ್ಬೇಕು ಅಂದಿಯಲ್ಲ?"

"ಏನಿಲ್ಲ. ಊಟ ಹೊರಗೆ ಮಾಡೋಣ ಅಂತ."

ಫೋಟೋವನ್ನು ಬಟ್ಟೆಗಳ ನಡುವೆ ಇಟ್ಟು ಇಬ್ರಾಹಿಂ ಸೂಟ್‌ಕೇಸು ಮುಚ್ಚಿದ. ಬೀಗದ ನಾಲಿಗೆ ಕೂರಲಿಲ್ಲ, ಮೇಷ್ಟ್ರಾಗಿದ್ದಾಗಿನ ಗಣಿತದ ಪುಸ್ತಕಗಳು ಅಡಿಯಲ್ಲಿದ್ದವು. ಸ್ವಲ್ಪ ಮೇಲೆ ಕೂತ್ಕೋ ಎಂದ. ನಟರಾಜ ಮುಚ್ಚಳದ ಮೇಲೆ ಮಂಡಿಯೂರಿದ.

"ಒತ್ತು," ಎಂದ ಇಬ್ರಾಹಿಂ ಕೆಳಗಿನಿಂದ. "ಇನ್ನೂ ಸ್ವಲ್ಪ ಒತ್ತು."

ನಟರಾಜ ಮೈಯ ಭಾರವೆಲ್ಲ ಬಿಟ್ಟು ಒತ್ತಿದ. ಬೀಗ ಕೂತಿತು.